ನಗಿಸುತ್ತ ಇಂಗ್ಲಿಷ್ ಕಲಿಸುವ ವಿಡಿಯೊಗಳು: ನಕ್ಕಿದ್ದು ನೆನಪಿದೆ, ಪದ ನೆನಪಿದೆಯೇ?

ಅತಿಥಿಯ ಲೋಟಕ್ಕೆ ಆತಿಥೇಯ ನೀರು ಸುರಿಯುತ್ತಿದ್ದಾನೆ. ಸಾಕೆನ್ನಿಸಿದ ಅತಿಥಿ ‘ಐ ಆ್ಯಮ್ ಗುಡ್’ ಎನ್ನುತ್ತಾನೆ. ‘ನೀವು ಒಳ್ಳೆಯವರೆಂಬುದು ನನಗೆ ಗೊತ್ತಿಲ್ಲವೇ!’ ಎಂದು ಆತಿಥೇಯ ಇನ್ನಷ್ಟು ಪ್ರೀತಿಯಿಂದ ಸುರಿಯುತ್ತಾನೆ. ಅತಿಥಿ ಗಾಬರಿಯಿಂದ ಅದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಾನೆ, ಆತಿಥೇಯನ ಮೆಚ್ಚುಗೆ ಏರುತ್ತಲೇ ಹೋಗುತ್ತದೆ, ಲೋಟ ತುಂಬಿ ಮೇಜು ತೊಯ್ದು ನೀರು ಅತಿಥಿಯ ಮಡಿಲಿಗೆ ಇಳಿಯುತ್ತದೆ. ಒಂದು ನಿಮಿಷವೂ ಇಲ್ಲದ ಈ ವಿಡಿಯೊವನ್ನು ನಾನು ನೋಡಿದ್ದು ಒಂದೇ ಸಲ. ಆದರೂ ಆ ಮೂರು ಪದಗಳಿಗೆ ‘ನನಗೆ ಸಾಕು, ಬೇಡ’ ಎಂಬ ಅರ್ಥವಿದೆಯೆನ್ನುವುದು ಇನ್ನು ಮರೆಯುವಂತಿಲ್ಲ. ಅದೇ ವಾರ ನೋಡಿದ ಇನ್ನೊಂದು ವಿಡಿಯೊದಲ್ಲಿ ಮೇಷ್ಟರ ವೇಷ ತೊಟ್ಟವನೊಬ್ಬ ಕುರ್ಚಿಯ ಮೇಲೆ ನಿಂತು ಒಂದು ಪದವನ್ನು ಕಿರುಚಿ ಹೇಳುತ್ತ ಕುರ್ಚಿಸಮೇತ ಉರುಳಿಬೀಳುತ್ತಾನೆ, ಅವನ ಕಟ್ಟುಗೂದಲು ಹಾರಿಹೋಗುತ್ತದೆ. ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಅವನು ಕಲಿಸುತ್ತಿದ್ದ ಪದ ‘ರಿಲಕ್ಟೆಂಟ್’ ಎಂಬುದು ಈಗ ಇಲ್ಲಿ ಬರೆಯುವ ಮುನ್ನ ಟಿಪ್ಪಣಿ ಪುಸ್ತಕ ತೆರೆದಾಗಲಷ್ಟೇ ತಿಳಿಯಿತು.

ನಗೆಯ ವಿಡಿಯೊಗಳ ಮೂಲಕ ದಿನಬಳಕೆಯ ಇಂಗ್ಲಿಷ್ ಕಲಿಯುವ ಈ ದಾರಿಯನ್ನು ನಾನು ಮೂರು ತಿಂಗಳ ಕಾಲ, ರಾತ್ರಿ ಅರ್ಧ ಗಂಟೆಯಂತೆ, ಪುಸ್ತಕ ಪೆನ್ನು ಹಿಡಿದು ಪರೀಕ್ಷಿಸಿದೆ. ನನ್ನ ಇಂಗ್ಲಿಷ್ ಪಠ್ಯಪುಸ್ತಕದ್ದು: ಓದಿದರೆ ಅರ್ಥವಾಗುತ್ತದೆ, ಅರ್ಜಿ ಬರೆಯಬಲ್ಲೆ, ಆದರೆ ಎದುರಿನವರು ಸಹಜವಾಗಿ ಮಾತಾಡತೊಡಗಿದರೆ ಎರಡನೆಯ ವಾಕ್ಯಕ್ಕೇ ಹಿಂದೆ ಬೀಳುತ್ತೇನೆ. ನೋಡಿದವುಗಳಲ್ಲಿ ಇಬ್ಬರು ಮೂವರು ನಟಿಸುವ ಕಿರುಪ್ರಹಸನಗಳಿದ್ದವು, ಮೇಷ್ಟರು ಮತ್ತು ದಡ್ಡ ಶಿಷ್ಯನ ಜೋಡಿಗಳಿದ್ದವು, ಕಾರ್ಟೂನುಗಳಿದ್ದವು, ಕನ್ನಡದಲ್ಲಿ ವಿವರಿಸುವವೂ ಪೂರ್ತಿ ಇಂಗ್ಲಿಷಿನವೂ ಇದ್ದವು. ಯಾವುದೋ ಒಂದು ಚಾನೆಲನ್ನು ಹೊಗಳುವುದಾಗಲಿ ತೆಗಳುವುದಾಗಲಿ ನನ್ನ ಉದ್ದೇಶವಲ್ಲ. ಈ ಬಗೆಯ ವಿಡಿಯೊಗಳಲ್ಲಿ ಯಾವುದು ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ, ಏಕೆ ಎಂಬುದಷ್ಟೇ ಇಲ್ಲಿಯ ವಿಚಾರ.

ಮೊದಲ ತಿಂಗಳು ಕಳೆಯುವಷ್ಟರಲ್ಲಿ ಒಂದು ಸಣ್ಣ ಪರೀಕ್ಷೆ ನನಗೆ ಕೈವಶವಾಗಿತ್ತು. ವಿಡಿಯೊ ಮುಗಿದ ಮೇಲೆ, ಅದರಲ್ಲಿ ಕಲಿಸಿದ ಪದವನ್ನು ತೆಗೆದು ಅಲ್ಲಿ ಬೇರೆ ಯಾವುದಾದರೂ ಪದವನ್ನು ಕೂರಿಸಿ ನೋಡುವುದು. ನಗೆ ಆಗಲೂ ಹಾಗೆಯೇ ನಿಂತಿದ್ದರೆ ಆ ಪಾಠ ಜೊಳ್ಳು. ಕುರ್ಚಿಯಿಂದ ಬೀಳುವವನು ‘ರಿಲಕ್ಟೆಂಟ್’ ಎಂದು ಕಿರುಚಿದರೂ ‘ಡಿಲೈಟೆಡ್’ ಎಂದು ಕಿರುಚಿದರೂ ನಗು ಅಷ್ಟೇ ಬರುತ್ತದೆ. ನೀರು ಸುರಿಯುವ ಪ್ರಹಸನದಲ್ಲಿ ‘ಐ ಆ್ಯಮ್ ಗುಡ್’ ತೆಗೆದು ‘ನೋ, ಥ್ಯಾಂಕ್ಯೂ’ ಹಾಕಿದರೆ ಕಥೆಯೇ ಕುಸಿಯುತ್ತದೆ. ನಗೆಯ ಕೀಲು ಪದದೊಳಗೇ ಇದ್ದಾಗ ನಗುವನ್ನು ನೆನೆದವನು ಪದವನ್ನೂ ನೆನೆಯಲೇಬೇಕಾಗುತ್ತದೆ. ಕೀಲು ಹೊರಗಿದ್ದರೆ ನಗುವಿನ ಗದ್ದಲದಲ್ಲಿ ಪದ ಸದ್ದಿಲ್ಲದೆ ಜಾರಿಕೊಳ್ಳುತ್ತದೆ.

ಇದು ನನ್ನೊಬ್ಬನ ಊಹೆಯಲ್ಲವೆಂಬುದು ಆಮೇಲೆ ಓದಿದಾಗ ತಿಳಿಯಿತು. 1977ರಲ್ಲಿ ಕ್ಯಾಪ್ಲನ್ ಮತ್ತು ಪ್ಯಾಸ್ಕೋ ಎಂಬ ಸಂಶೋಧಕರು ಒಂದೇ ಉಪನ್ಯಾಸವನ್ನು ಹಾಸ್ಯದೊಡನೆಯೂ ಹಾಸ್ಯವಿಲ್ಲದೆಯೂ ವಿದ್ಯಾರ್ಥಿಗಳಿಗೆ ತೋರಿಸಿ ಪರೀಕ್ಷಿಸಿದರು. ಕೂಡಲೇ ನಡೆಸಿದ ಪರೀಕ್ಷೆಯಲ್ಲಿ ಹಾಸ್ಯದಿಂದ ಲಾಭವೇನೂ ಕಾಣಲಿಲ್ಲ. ಆದರೆ ಆರು ವಾರಗಳ ನಂತರ, ಪಾಠದ ವಿಷಯವನ್ನೇ ಹಾಸ್ಯದ ಉದಾಹರಣೆಯಿಂದ ವಿವರಿಸಿದ್ದ ಭಾಗಗಳು ಉತ್ತಮವಾಗಿ ನೆನಪಿನಲ್ಲಿ ಉಳಿದಿದ್ದವು. 1994ರಲ್ಲಿ ಸ್ಟೀಫನ್ ಷ್ಮಿಟ್ ಪ್ರಕಟಿಸಿದ ಪ್ರಯೋಗಗಳು ಇದಕ್ಕೆ ಇನ್ನೊಂದು ಎಚ್ಚರಿಕೆಯನ್ನು ಜೋಡಿಸುತ್ತವೆ: ನಗೆಯ ವಾಕ್ಯಗಳನ್ನು ಸಾಮಾನ್ಯ ವಾಕ್ಯಗಳೊಡನೆ ಬೆರೆಸಿ ಕೊಟ್ಟಾಗ ನಗೆಯವು ಹೆಚ್ಚು ನೆನಪಾದವು, ಆದರೆ ಪಟ್ಟಿಯ ತುಂಬ ನಗೆಯ ವಾಕ್ಯಗಳೇ ಇದ್ದಾಗ ಆ ಮೇಲುಗೈ ಮಾಯವಾಯಿತು. ಒಂದರ ಹಿಂದೊಂದು ಇಪ್ಪತ್ತು ನಗೆವಿಡಿಯೊಗಳನ್ನು ನೋಡಿದ ರಾತ್ರಿ ಮರುದಿನಕ್ಕೆ ಒಂದೂ ಪದ ಉಳಿಯದೆ ಹೋದದ್ದು ಏಕೆಂಬುದು ನನಗೆ ಆಗ ಹೊಳೆಯಿತು.

ಈ ಪ್ರಕಾರದ ವಿಡಿಯೊಗಳು ನಿಜಕ್ಕೂ ಗೆಲ್ಲುವುದು ಫ್ರೇಸಲ್ ವರ್ಬ್‌ಗಳಲ್ಲಿ, ಅಂದರೆ ಒಂದು ಸಾದಾ ಕ್ರಿಯಾಪದದ ಬಾಲಕ್ಕೆ ‘ಆಫ್’, ‘ಔಟ್’, ‘ಅಪ್’ ಎಂಬ ಪುಟ್ಟ ಪದ ಸೇರಿ ಹೊಸ ಅರ್ಥ ಹುಟ್ಟುವ ಕಡೆ. ಒಂದು ಪ್ರಹಸನದಲ್ಲಿ ಮೇಲಧಿಕಾರಿ ‘ಕಾಲ್ ಆಫ್ ದ ಮೀಟಿಂಗ್’ ಎಂದು ಹೇಳಿ ಹೋಗುತ್ತಾಳೆ. ಹೊಸ ನೌಕರ ‘ಕಾಲ್’ ಎಂಬುದನ್ನಷ್ಟೇ ಹಿಡಿದು ಎಲ್ಲರಿಗೂ ಫೋನ್ ಮಾಡಿ ತಪ್ಪದೆ ಬನ್ನಿರೆಂದು ಕರೆಯುತ್ತಾನೆ. ರದ್ದಾದ ಸಭೆಗೆ ಹಿಂದೆಂದೂ ಸೇರದಷ್ಟು ಜನ ಸೇರುತ್ತಾರೆ. ಇನ್ನೊಂದರಲ್ಲಿ ‘ವಿ ರ‍್ಯಾನ್ ಔಟ್ ಆಫ್ ಪೇಪರ್’ ಎಂಬ ಮಾತನ್ನು ಕೇಳಿದವನು ಓಡಿಹೋದ ಕಾಗದವನ್ನು ಹಿಡಿದು ತರಲು ಬಾಗಿಲಿನಿಂದಾಚೆ ಧಾವಿಸುತ್ತಾನೆ. ಇಲ್ಲಿ ಹಾಸ್ಯವನ್ನು ಹೊರಗಿನಿಂದ ಅಂಟಿಸಬೇಕಾಗಿಲ್ಲ. ಪದಗಳ ನೇರ ಅರ್ಥಕ್ಕೂ ಕೂಡಿದಾಗಿನ ಅರ್ಥಕ್ಕೂ ನಡುವೆ ಇರುವ ಕಂದರವೇ ಹಾಸ್ಯ. ನಮ್ಮ ಭಾಷೆಯಲ್ಲಿಯೂ ಇಂಥ ಕಂದರಗಳಿಗೆ ಕೊರತೆಯಿಲ್ಲ. ‘ಗೆಳೆಯ ಕೈಕೊಟ್ಟ’ ಎಂಬುದನ್ನು ಕೇಳಿದ ಹೊಸ ಕಲಿಕೆಯವನು ಎಂಥ ಒಳ್ಳೆಯ ಗೆಳೆಯ, ಬಿದ್ದವನನ್ನು ಎತ್ತಿದನೆಂದು ತಿಳಿದರೆ ಅವನನ್ನು ದೂರುವಂತಿಲ್ಲ. ನಿಘಂಟಿನಲ್ಲಿ ‘ಕಾಲ್ ಆಫ್: ರದ್ದುಮಾಡು’ ಎಂದು ಹತ್ತು ಸಲ ಓದಿದಾಗ ಅಂಟದಿದ್ದುದು ಆ ತುಂಬಿದ ಸಭಾಕೊಠಡಿಯ ಚಿತ್ರದೊಡನೆ ಒಂದೇ ಸಲಕ್ಕೆ ಅಂಟಿತು.

ವಿಚಿತ್ರವೆಂದರೆ, ಇಷ್ಟು ಚೆನ್ನಾಗಿ ಒದಗುವ ಫ್ರೇಸಲ್ ವರ್ಬ್‌ಗಳಿಗಿಂತ ನುಡಿಗಟ್ಟುಗಳ ಮೇಲೆಯೇ ವಿಡಿಯೊ ಮಾಡುವವರ ಮೋಹ ಹೆಚ್ಚು. ‘ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್’ ಎಂಬುದನ್ನು ವಿವರಿಸುವ ವಿಡಿಯೊಗಳು ಎಷ್ಟು ಸಿಕ್ಕವೆಂದು ಲೆಕ್ಕ ಇಡುವುದನ್ನು ನಾನು ಅರ್ಧಕ್ಕೇ ಬಿಟ್ಟೆ. ಆಕಾಶದಿಂದ ಬೆಕ್ಕು ನಾಯಿ ಬೀಳುವ ಚಿತ್ರ ಬರೆಯುವುದು ಸುಲಭ, ನೋಡುವವರಿಗೂ ಮೋಜು. ಆದರೆ ಇಂಗ್ಲಿಷ್ ಮಾತಾಡುವವರು ಜೋರು ಮಳೆ ಬಂದಾಗ ಸಾಮಾನ್ಯವಾಗಿ ‘ಪೋರಿಂಗ್’ ಎನ್ನುತ್ತಾರೆಯೇ ಹೊರತು ಪ್ರಾಣಿಗಳನ್ನು ಕರೆಯುವುದು ಅಪರೂಪ. ಸಂಭಾಷಣೆಯನ್ನು ನಿಜವಾಗಿ ಹೊತ್ತು ನಡೆಯುವ ‘ಹ್ಯಾಂಗ್ ಆನ್’, ‘ನೆವರ್ ಮೈಂಡ್’, ‘ಇಟ್ ಡಿಪೆಂಡ್ಸ್’, ‘ಐ ಸಪೋಸ್ ಸೋ’, ‘ಹೌ ಕಮ್’ ಮುಂತಾದವುಗಳಿಗೆ ಬಣ್ಣವಿಲ್ಲ, ಬಾಲವಿಲ್ಲ, ಚಿತ್ರಕ್ಕೆ ಸಿಗುವ ಮೈಯಿಲ್ಲ; ಆದ್ದರಿಂದ ಅವು ಪರದೆಗೆ ಬರುವುದೇ ಇಲ್ಲ. ದಿನಬಳಕೆಯ ಇಂಗ್ಲಿಷ್ ಎಂಬ ಹಣೆಬರಹ ಹೊತ್ತ ವಿಡಿಯೊ ದಿನಬಳಕೆಯಲ್ಲಿ ಇಲ್ಲದ್ದನ್ನು ಕಲಿಸುವುದು ಈ ಪ್ರಕಾರದ ದೊಡ್ಡ ದೋಷವೆಂದೇ ನನ್ನ ಅಭಿಪ್ರಾಯ.

ಇದರ ಜೊತೆಗೇ ಒಂದು ಸರಳ ಲೆಕ್ಕವನ್ನೂ ಹೇಳಬೇಕು. ಪದಸಂಪತ್ತಿನ ಅಧ್ಯಯನಕ್ಕೆ ಹೆಸರಾದ ಪಾಲ್ ನೇಶನ್ 2006ರಲ್ಲಿ ಮಾಡಿದ ಅಂದಾಜಿನಂತೆ ಇಂಗ್ಲಿಷ್ ಆಡುಮಾತನ್ನು ಹೆಚ್ಚು ತೊಡಕಿಲ್ಲದೆ ಅರ್ಥಮಾಡಿಕೊಳ್ಳಲು 6,000ದಿಂದ 7,000 ಪದಕುಟುಂಬಗಳ, ಅಂದರೆ ಒಂದು ಮೂಲಪದ ಮತ್ತು ಅದರಿಂದ ಹುಟ್ಟಿದ ರೂಪಗಳು ಸೇರಿದ ಗುಂಪುಗಳ, ಪರಿಚಯ ಬೇಕು. ‘ದಿನಕ್ಕೊಂದು ಪದ’ ಎಂಬ ಸರಣಿಯನ್ನು ಮಾತ್ರ ನಂಬಿದರೆ 6,000 ಪದಗಳಿಗೆ 16 ವರ್ಷ ಮೀರುತ್ತದೆ. ಶಾಲೆಯಲ್ಲಿ ಕಲಿತದ್ದನ್ನು ಕಳೆದರೂ ಉಳಿಯುವುದು ಸಣ್ಣ ಮೊತ್ತವಲ್ಲ. ಆದುದರಿಂದ ಗೊತ್ತಿಲ್ಲದ ಪದಗಳ ರಾಶಿಯನ್ನು ಈ ವಿಡಿಯೊಗಳಿಂದ ಕರಗಿಸಲು ಹೊರಡುವುದಕ್ಕಿಂತ, ಗೊತ್ತಿದ್ದೂ ಕಾಡುವ ಪದಗಳಿಗೆ, ಅಂದರೆ ‘ಗುಡ್’, ‘ಕಾಲ್’, ‘ರನ್’, ‘ಮೈಂಡ್’ ಎಂಬ ಹಳೆಯ ಪರಿಚಿತರ ಹೊಸ ಮುಖಗಳಿಗೆ, ಇವುಗಳನ್ನು ಬಳಸಿಕೊಳ್ಳುವುದು ಜಾಣತನ.

ಉಚ್ಚಾರಣೆಯ ವಿಡಿಯೊಗಳ ಬಗ್ಗೆ ನನಗೆ ಎರಡು ಮನಸ್ಸಿದೆ. ಓ, ಯು, ಜಿ, ಎಚ್ ಎಂಬ ಅದೇ ನಾಲ್ಕು ಅಕ್ಷರಗಳು ಒಂದು ಪದದಲ್ಲಿ ‘ದೋ’ ಆಗಿ, ಇನ್ನೊಂದರಲ್ಲಿ ‘ಥ್ರೂ’ ಆಗಿ, ಮತ್ತೊಂದರಲ್ಲಿ ‘ಟಫ್’ ಆಗಿ ಉಲಿಯುವುದನ್ನು ಕಂಡು ತಲೆ ಚಚ್ಚಿಕೊಳ್ಳುವ ಶಿಷ್ಯನ ಪಾತ್ರ ಎಲ್ಲ ಚಾನೆಲುಗಳಲ್ಲಿಯೂ ಇದೆ, ಮತ್ತು ಅದು ಪ್ರತಿ ಸಲವೂ ನಗಿಸುತ್ತದೆ. ಆದರೆ ‘ಇಂಗ್ಲಿಷ್ ಹುಚ್ಚು ಭಾಷೆ’ ಎಂಬ ಘೋಷಣೆಯೊಂದಿಗೆ ಪಾಠ ಅಲ್ಲಿಗೇ ನಿಲ್ಲುತ್ತದೆ. ಹುಚ್ಚಿಗೂ ಕಾರಣಗಳಿವೆ, ಆ ಕಾರಣಗಳೂ ಕಡಿಮೆ ತಮಾಷೆಯವಲ್ಲ. ಸಾಲ ಎಂಬ ಅರ್ಥದ ‘ಡೆಟ್’ (debt) ಎಂಬ ಪದ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದಾಗ ಅದರಲ್ಲಿ ಬಿ ಎಂಬ ಅಕ್ಷರವೇ ಇರಲಿಲ್ಲ. ಲ್ಯಾಟಿನ್ ಮೂಲವನ್ನು ಎತ್ತಿತೋರಿಸಬೇಕೆಂಬ ಪಂಡಿತರ ಉಮೇದಿನಿಂದ ಆಮೇಲೆ ಅದನ್ನು ತುರುಕಲಾಯಿತು. ಬರೆದವರು ಬರೆದರು, ಆಡುವವರ ನಾಲಿಗೆ ಮಾತ್ರ ಅದಕ್ಕೆ ಸೊಪ್ಪುಹಾಕಲಿಲ್ಲ. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಮುದ್ರಣಯಂತ್ರವನ್ನು ತಂದ ಬಳಿಕ ಕಾಗುಣಿತ ಮೆಲ್ಲನೆ ಗಟ್ಟಿಯಾಗತೊಡಗಿತು, ಅದೇ ಕಾಲದಲ್ಲಿ ದೀರ್ಘ ಸ್ವರಗಳ ಉಚ್ಚಾರಣೆ ಮಾತ್ರ ಬದಲಾಗುತ್ತಲೇ ಹೋಯಿತು. ಇಷ್ಟನ್ನು ಅರ್ಧ ನಿಮಿಷದಲ್ಲಿ ಹೇಳಬಹುದಾಗಿತ್ತು. ಕಾರಣ ತಿಳಿದ ಮೂಕ ಅಕ್ಷರವನ್ನು ನಾನು ಮತ್ತೆ ಉಚ್ಚರಿಸಿಲ್ಲ.

ಕನ್ನಡ ಲಿಪಿಯಲ್ಲಿ ಉಚ್ಚಾರಣೆಯನ್ನು ಬರೆದು ತೋರಿಸುವ ಪದ್ಧತಿ ಹೊಸಬರಿಗೆ ಧೈರ್ಯ ಕೊಡುತ್ತದೆಂಬುದು ನಿಜ. ‘ಕಂಫರ್ಟೆಬಲ್’ ಎಂದು ಅಕ್ಷರ ಅಕ್ಷರ ಓದುತ್ತಿದ್ದವನಿಗೆ ಪರದೆಯ ಮೇಲೆ ‘ಕಂಫ್ಟಬಲ್’ ಎಂದು ಕಂಡರೆ ಒಂದೇ ಏಟಿಗೆ ವಿಷಯ ಸ್ಪಷ್ಟವಾಗುತ್ತದೆ. ಆದರೆ ನಮ್ಮ ಲಿಪಿಗೆ ಕೆಲವು ಕಡೆ ಕೈ ಸಾಲದು. ‘ವೆಸ್ಟ್’ ಎಂದು ಬರೆದರೆ ಅದು ದಿಕ್ಕೋ ಒಳ ಅಂಗಿಯೋ ತಿಳಿಯುವುದಿಲ್ಲ. ಒಂದಕ್ಕೆ ತುಟಿಗಳನ್ನು ದುಂಡಗೆ ಮಾಡಬೇಕು, ಇನ್ನೊಂದಕ್ಕೆ ಮೇಲಿನ ಹಲ್ಲು ಕೆಳತುಟಿಯನ್ನು ಮುಟ್ಟಬೇಕು, ನಮ್ಮ ‘ವ’ ಎರಡಕ್ಕೂ ಒಂದೇ. ಇಂಗ್ಲಿಷಿನ ಟಿ ನಮ್ಮ ‘ತ’ವೂ ಅಲ್ಲ, ‘ಟ’ವೂ ಅಲ್ಲ; ನಾಲಿಗೆಯ ತುದಿ ಹಲ್ಲಿನ ಹಿಂದಿನ ಉಬ್ಬನ್ನು ಮುಟ್ಟುವ ಆ ಸದ್ದು ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ. ನಾನು ನೋಡಿದವರಲ್ಲಿ ಒಬ್ಬಾಕೆ ಮಾತ್ರ ಕನ್ನಡಿಯನ್ನು ಎದುರಿಗಿಟ್ಟುಕೊಂಡು ತುಟಿಯ ಆಕಾರವನ್ನು ತೋರಿಸಿ, ಮೇಣದಬತ್ತಿ ಹಚ್ಚಿ, ‘ಪಿನ್’ ಎಂದಾಗ ಅದರ ಜ್ವಾಲೆ ಬಾಗುವುದನ್ನೂ ‘ಸ್ಪಿನ್’ ಎಂದಾಗ ಬಾಗದಿರುವುದನ್ನೂ ತೋರಿಸಿದಳು. ಮೂರನೆಯ ಸಲ ಅವಳೇ ಉಸಿರು ಜೋರಾಗಿ ಬಿಟ್ಟು ಬತ್ತಿಯನ್ನು ಆರಿಸಿ ಕತ್ತಲಲ್ಲಿ ಪಾಠ ಮುಗಿಸಿದಳು. ಮೂರು ತಿಂಗಳಲ್ಲಿ ನೋಡಿದ ಉಚ್ಚಾರಣೆಯ ಪಾಠಗಳಲ್ಲಿ ಇದೇ ಶ್ರೇಷ್ಠ.

ಇನ್ನು ನನಗೆ ಬೇಸರ ತರಿಸಿದ ವಿಚಾರ. ಬಹಳಷ್ಟು ವಿಡಿಯೊಗಳಲ್ಲಿ ನಗೆಯ ಗುರಿ ಪದವಲ್ಲ, ತಪ್ಪಾಗಿ ಮಾತಾಡುವ ಮನುಷ್ಯ. ‘ಬಸ್ಸು’, ‘ಪೆನ್ನು’ ಎಂದು ಉಕಾರ ಸೇರಿಸುವವನು, ‘ಯೆಂಡ್’, ‘ವೋಪನ್’ ಎನ್ನುವವನು ಕ್ಯಾಮೆರಾದ ಮುಂದೆ ಪೆಚ್ಚಾಗುತ್ತಾನೆ, ಹಿನ್ನೆಲೆಯಲ್ಲಿ ನಗುವಿನ ಸದ್ದು ಕೇಳಿಸುತ್ತದೆ. ಅಚ್ಚಗನ್ನಡದ ಪದಗಳು ಸ್ವರದಲ್ಲಿ ಮುಗಿಯುತ್ತವೆ, ಪದದ ಮೊದಲ ‘ಎ’ ಮತ್ತು ‘ಒ’ಗಳನ್ನು ನಾವು ಮಾತಿನಲ್ಲಿ ‘ಯೆ’, ‘ವೊ’ ಎಂದೇ ಹೊರಡಿಸುತ್ತೇವೆ. ‘ಎಲ್ಲಿ’ ಎಂದು ಬರೆದರೂ ‘ಯೆಲ್ಲಿ’ ಎನ್ನುವ ನಾಲಿಗೆ ಇಂಗ್ಲಿಷಿಗೂ ಅದೇ ಅಭ್ಯಾಸವನ್ನು ಕೊಂಡೊಯ್ಯುವುದು ದಡ್ಡತನವಲ್ಲ, ನಿಯಮಬದ್ಧವಾದ ನಡೆ. ಇದನ್ನು ತಿಳಿಸಿ ತಿದ್ದಿದ್ದರೆ ಪಾಠವಾಗುತ್ತಿತ್ತು, ಅಣಕಿಸಿದ್ದರಿಂದ ಅದು ಬರೀ ಅಣಕವಾಯಿತು. ಭಾಷಾಕಲಿಕೆಯ ವಿದ್ವಾಂಸ ಸ್ಟೀಫನ್ ಕ್ರ್ಯಾಶೆನ್ 1982ರ ತಮ್ಮ ಗ್ರಂಥದಲ್ಲಿ ಅಳುಕು, ಅಂಜಿಕೆಗಳು ಒಂದು ಜರಡಿಯಂತೆ ಅಡ್ಡ ನಿಂತು ಕಿವಿಗೆ ಬಿದ್ದ ಭಾಷೆಯನ್ನು ಒಳಗಿಳಿಯಗೊಡುವುದಿಲ್ಲವೆಂದು ವಾದಿಸಿದರು. ಅವರ ಸಿದ್ಧಾಂತದ ಎಲ್ಲ ಭಾಗಗಳನ್ನೂ ಇತರ ವಿದ್ವಾಂಸರು ಒಪ್ಪಿಲ್ಲ. ಆದರೆ ಅಂಥ ವಿಡಿಯೊ ನೋಡಿದ ಮರುದಿನ ಬಾಯಿ ತೆರೆಯುವ ಮುನ್ನ ನಾನು ಎರಡೆರಡು ಸಲ ಯೋಚಿಸಿದ್ದು ಮಾತ್ರ ಸತ್ಯ. ಕಲಿಯುವವನನ್ನು ಜೊತೆಗೆ ಕರೆದುಕೊಂಡು ನಗುವುದು ಬೇರೆ, ಅವನನ್ನು ಎದುರಿಗೆ ನಿಲ್ಲಿಸಿ ನಗುವುದು ಬೇರೆ.

ತಾಂತ್ರಿಕ ಸೌಕರ್ಯಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಯೂಟ್ಯೂಬ್ 2009ರಲ್ಲಿ ತಾನಾಗಿಯೇ ಮೂಡುವ ಕ್ಯಾಪ್ಷನ್‌ಗಳನ್ನು ಆರಂಭಿಸಿದ ಮೇಲೆ ಅಡಿಬರಹವಿಲ್ಲದ ವಿಡಿಯೊ ಎಂಬ ತೊಂದರೆ ಬಹುಮಟ್ಟಿಗೆ ನೀಗಿದೆ, ಮತ್ತು ಇಂಗ್ಲಿಷ್ ಮಾತಿಗೆ ಇಂಗ್ಲಿಷಿನದೇ ಕ್ಯಾಪ್ಷನ್ ಇಟ್ಟುಕೊಂಡು ನೋಡುವುದರಿಂದ ಕೇಳುವ ಶಕ್ತಿಗೂ ಪದಕಲಿಕೆಗೂ ಸಹಾಯವಾಗುತ್ತದೆಂಬುದನ್ನು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಎತ್ತಿಹಿಡಿದಿದೆ. ಆದರೆ ಯಂತ್ರ ಬರೆಯುವ ಕ್ಯಾಪ್ಷನ್ ಶ್ಲೇಷೆಯಲ್ಲಿ ಎಡವುತ್ತದೆ. ನಗೆ ಇರುವುದೇ ಶ್ಲೇಷೆಯಲ್ಲಾದ್ದರಿಂದ ಎಲ್ಲಿ ಬೇಕೋ ಅಲ್ಲಿಯೇ ಅದು ಕೈಕೊಡುತ್ತದೆ. ವೇಗವನ್ನು ಮುಕ್ಕಾಲಿಗೆ ಇಳಿಸಿದರೆ ಮಾತು ತಿಳಿಯುತ್ತದೆ, ಹಾಸ್ಯದ ಲಯ ಮಾತ್ರ ಸಾಯುತ್ತದೆ. ಮೊದಲ ಸಲ ಪೂರ್ಣ ವೇಗದಲ್ಲಿ ನಕ್ಕು, ಎರಡನೆಯ ಸಲ ನಿಧಾನವಾಗಿ ಕೇಳುವುದು ನಾನು ಕಂಡುಕೊಂಡ ರಾಜಿ.

ಒಂದು ವಿಡಿಯೊ ಮುಗಿದೊಡನೆ ಮುಂದಿನದು ತಾನಾಗಿಯೇ ಓಡತೊಡಗುವುದು ಕಲಿಕೆಗೆ ನೇರ ಶತ್ರು. ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹಾಸ್ 1885ರಲ್ಲಿಯೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು, ಕಲಿತದ್ದು ಮೊದಲ ಗಂಟೆಗಳಲ್ಲಿಯೇ ಅತಿ ವೇಗವಾಗಿ ಮರೆಯುತ್ತದೆಂದು ತೋರಿಸಿಕೊಟ್ಟಿದ್ದ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ನಡೆಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ಬಳಿಕ ಮುಂದಿದ್ದರೂ ಒಂದು ವಾರದ ಬಳಿಕ, ಓದಿದ್ದನ್ನು ಪುಸ್ತಕ ಮುಚ್ಚಿ ನೆನಪಿಸಿಕೊಂಡವರೇ ಮುಂದಾಗಿದ್ದರು. ಮತ್ತೆ ನೋಡುವುದಕ್ಕಿಂತ ಮತ್ತೆ ನೆನೆಯುವುದು ಮೇಲು. ನಗೆಯ ವಿಡಿಯೊಗೆ ಪದಪಟ್ಟಿಗಿಲ್ಲದ ಒಂದು ಗುಣವಿರುವುದು ಇಲ್ಲಿಯೇ: ನಗೆಯನ್ನು ಯಾರಿಗಾದರೂ ಹೇಳದೆ ಇರಲು ಆಗುವುದಿಲ್ಲ. ‘ಕಾಲ್ ಆಫ್’ ಎಂಬುದರ ಅರ್ಥವನ್ನು ಸ್ನೇಹಿತನ ಮನೆಗೆ ಹೋಗಿ ಯಾರೂ ಒಪ್ಪಿಸುವುದಿಲ್ಲ, ಆದರೆ ರದ್ದಾದ ಸಭೆಗೆ ಜನ ಕಿಕ್ಕಿರಿದ ಕಥೆಯನ್ನು ನಾನು ನಾಲ್ಕು ಜನರಿಗೆ ಹೇಳಿದೆ. ಹೇಳಿದಾಗಲೆಲ್ಲ ಪದವನ್ನು ನೆನಪಿನ ತಳದಿಂದ ಎತ್ತಬೇಕಾಯಿತು, ಸರಿಯಾದ ಜಾಗದಲ್ಲಿ ಸರಿಯಾಗಿ ಉಚ್ಚರಿಸಬೇಕಾಯಿತು, ಇಲ್ಲದಿದ್ದರೆ ಎದುರಿಗಿದ್ದವರು ನಗುತ್ತಿರಲಿಲ್ಲ. ಆ ಬಳಿಕ ನಾನು ರಾತ್ರಿಗೆ ಮೂರೇ ವಿಡಿಯೊ ನೋಡಿ, ಮರುದಿನ ಒಂದನ್ನಾದರೂ ಯಾರಿಗಾದರೂ ಹೇಳುವ ನಿಯಮ ಹಾಕಿಕೊಂಡೆ. ಮೊದಲ ತಿಂಗಳಿನ ಟಿಪ್ಪಣಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂದು ನನಗೆ ಅಪರಿಚಿತ. ನಿಯಮ ಬಂದ ಮೇಲಿನವುಗಳಲ್ಲಿ ಹೆಚ್ಚಿನವು ನನ್ನವಾಗಿವೆ.

ವ್ಯಾಕರಣದ ಬುನಾದಿಯೇ ಇಲ್ಲದವರಿಗೆ ಇವು ಒದಗುವುದಿಲ್ಲ, ಏಕೆಂದರೆ ನೇರ ಅರ್ಥ ತಿಳಿಯದವನಿಗೆ ಅಡ್ಡ ಅರ್ಥದ ನಗೆಯೂ ತಿಳಿಯುವುದಿಲ್ಲ. ಓದಲು ಬಂದು ಮಾತಾಡಲು ಬಾರದ ನನ್ನಂಥವರು ಧಾರಾಳವಾಗಿ ನೋಡಬಹುದು.

ಆದರೂ ನನಗೆ ಬೇಕಾದ ವಿಡಿಯೊ ಇನ್ನೂ ಸಿಕ್ಕಿಲ್ಲ. ‘ನೀವು ಬರುವುದಿಲ್ಲವೇ?’ ಎಂದು ಕೇಳಿದರೆ ನಾವು ‘ಹೌದು, ಬರುವುದಿಲ್ಲ’ ಎನ್ನುತ್ತೇವೆ. ನಮ್ಮ ‘ಹೌದು’ ಕೇಳಿದವರ ಮಾತನ್ನು ಒಪ್ಪುತ್ತದೆ. ಇಂಗ್ಲಿಷಿನ ‘ಯೆಸ್’ ಕೇಳಿದವರನ್ನು ಲೆಕ್ಕಿಸದೆ ಬರುವ ವಿಚಾರವನ್ನಷ್ಟೇ ಹೇಳುತ್ತದೆ. ಕಳೆದ ವಾರ ಫೋನಿನಲ್ಲಿ ಒಬ್ಬರು ‘ಸೋ, ಯು ಆರ್ ನಾಟ್ ಕಮಿಂಗ್?’ ಎಂದು ಕೇಳಿದಾಗ ನಾನು ಬರಲಾಗದ ಬೇಸರದಿಂದ ‘ಯೆಸ್’ ಎಂದೆ. ಅತ್ತ ಕಡೆಯವರು ಸಂತೋಷಪಟ್ಟು, ನನಗಾಗಿ ಒಂದು ಕುರ್ಚಿಯನ್ನು ಕಾದಿರಿಸಿದರು.